ಬಿಟ್ಟೆ ಎಂದದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ, ನನ್ನ ಮೂಗು, ನನ್ನ ಕೋಪ. ನಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಂತೂ ನನಗೆ ಇಸ್ತ್ರಿಪೆಟ್ಟಿಗೆ ಎಂದೇ ಅಡ್ಡಹೆಸರು. ಬೇಗ ಕಾಯುತ್ತೇನಂತೆ, ಆರಲು ಹೊತ್ತು ಹಿಡಿಯುತ್ತದಂತೆ. ಈಗ ಹೇಳಹೊರಟ ವಿಷಯದಲ್ಲಿ ನಾನು ಇನ್ನೂ ಆರಿಲ್ಲ, ಆರುವ ಲಕ್ಷಣವೂ ಕಾಣುತ್ತಿಲ್ಲ. ಅಲ್ಲಲ್ಲಿ ಬಿಸಿ ತಾಗಿದರೆ ಸಹಿಸಿಕೊಳ್ಳಿ.

ನನಗೂ ನನ್ನ ಓರಗಿತ್ತಿಗೂ ಸೈಕಲ್ ಹುಚ್ಚು. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ನಿಂತಲ್ಲಿ ನಿಲ್ಲುವವಳಲ್ಲ, ಕೂತಲ್ಲಿ ಕೂರುವವಳಲ್ಲ, ಅದಕ್ಕೇ ಅವಳಿಗೆ ಗಿರಗಿಟ್ಲೆ ಎಂಬ ಹೆಸರು ಬಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದ್ದು ನಾನೇ. ಆಸ್ಪತ್ರೆಯ ದೊಡ್ಡ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಎರಡು ಮೂಲೆ ಅವಳು ಹಿಡಿಯುತ್ತಿದ್ದಳು, ಎರಡು ಮೂಲೆ ನಾನು. ಎಳೆದು, ಕೊಡವಿ, ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಸೇರಿಸಿ, ಮತ್ತೆ ಹಿಂದಕ್ಕೆ. ಕೆಲವೇ ತಿಂಗಳಲ್ಲಿ ನಾವು ಕೈ ನೋಡದೆ, ಊರಮೇಲಿನ ಮಾತೆಲ್ಲ ಆಡಿಕೊಂಡೇ ರಾಶಿ ರಾಶಿ ಮಡಚಿ ಎಸೆಯುವಂತಾದೆವು. "ಇಬ್ಬರು ಓರಗಿತ್ತಿಯರು ಒಂದೇ ಬಟ್ಟೆ ಹಿಡಿದು ಎಳೀತಿದ್ರೂ ಅದು ಹರೀದೆ ಇರೋದನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದು ನಮ್ಮ ಮೇಲ್ವಿಚಾರಕಿ ನಗುತ್ತಿದ್ದಳು. ಆ ನಂಟೇ ಬೆಟ್ಟ ಹತ್ತಿತು.

ನಮ್ಮ ಮನೆ ಇರುವುದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಅಂಗಡಿ ನಮ್ಮವರದು. ಮೆಟ್ಟಿಲು ಹತ್ತುವಾಗಲೇ ಪಂಕ್ಚರ್ ಸೊಲ್ಯೂಷನ್ ವಾಸನೆ, ಗ್ರೀಸ್ ವಾಸನೆ. ಅಡುಗೆಮನೆಯ ಬಟ್ಟಲಿನಲ್ಲಿ ಒಂದೊಂದು ಸಲ ಬೇರಿಂಗ್ ಗುಂಡುಗಳು. ನಮ್ಮವರು ಮಾತು ಕಡಿಮೆ, ಕೆಲಸ ಜಾಸ್ತಿ. ರೇಸು ಹತ್ತಿರ ಬಂದಾಗ ಅಂಗಡಿಯ ಶಟರ್ ಅರ್ಧ ಎಳೆದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಮ್ಮಿಬ್ಬರ ಸೈಕಲ್ಲನ್ನೂ ಬಿಚ್ಚಿ ಹರವಿ ಮತ್ತೆ ಕಟ್ಟುವರು. ನನ್ನನ್ನು ಸೀಟಿನ ಮೇಲೆ ಕೂರಿಸಿ, ಮಂಡಿಯನ್ನು ಹಿಡಿದು ನೋಡಿ, ಎತ್ತರವನ್ನು ಒಂದು ಕೂದಲೆಳೆ ಹೆಚ್ಚು ಕಡಿಮೆ ಮಾಡಿ, "ಈ ಸಲ ಗೆಲ್ತೀಯ ಬಿಡು," ಎನ್ನುವರು. ಅವರು ಬಿಗಿ ಮಾಡಿದ ಬೋಲ್ಟನ್ನು ನಾನು ಮತ್ತೆ ಮುಟ್ಟಿ ನೋಡಿದವಳಲ್ಲ. ರೇಸಿನ ನಿಯಮಗಳನ್ನು ಓದಿ ತಿಳಿದುಕೊಳ್ಳುವ ಕೆಲಸವೂ ಅವರದೇ. ತುಳಿಯುವುದಷ್ಟೇ ನಮ್ಮದು.

ಬೆಟ್ಟದ ರೇಸು ವರ್ಷಕ್ಕೊಂದು ಸಲ. ಡಾಂಬರು ರಸ್ತೆಯ ಸೊಗಸು ಅಲ್ಲಿಲ್ಲ. ಬಂಡೆ, ಬೇರು, ಕಾಲಡಿಗೆ ಜಾರುವ ಜಲ್ಲಿ, ಮೇಕೆಯೂ ಯೋಚಿಸಿ ಕಾಲಿಡುವಂಥ ಇಳಿಜಾರು. ಒಂಟಿಯಾಗಿ ಹೋಗಬಹುದು, ಜೋಡಿಯಾಗಿಯೂ ಹೋಗಬಹುದು. ಜೋಡಿಗೆ ಇರುವ ಷರತ್ತು ಏನೆಂದರೆ, ದಾರಿಯ ಪ್ರತಿ ಚೆಕ್‌ಪೋಸ್ಟನ್ನೂ ಇಬ್ಬರೂ ಒಟ್ಟಿಗೆ ದಾಟಬೇಕು. ಒಬ್ಬಳು ಎಷ್ಟೇ ಮುಂದೆ ಹಾರಿ ಹೋದರೂ ಇನ್ನೊಬ್ಬಳು ಬರುವ ತನಕ ಅಲ್ಲಿ ಕಾಯಲೇಬೇಕು. ಮೂರು ಸಲ ನಾವು ಎರಡನೆಯವರಾಗಿ ಬಂದಿದ್ದೆವು. ಎರಡನೆಯವರಿಗೆ ಒಂದು ಟವೆಲ್ಲು, ನಾಲ್ಕು ಚಪ್ಪಾಳೆ. ಗೆದ್ದವರಿಗೆ ಸೈಕಲ್ ಕಂಪನಿಯ ತಂಡದಲ್ಲಿ ಒಂದು ವರ್ಷ ಜಾಗ. ಸಂಬಳ ಕೊಟ್ಟು ಸೈಕಲ್ ತುಳಿಸುತ್ತಾರೆ. ಜೋಡಿ ಗೆದ್ದರೆ ಇಬ್ಬರಿಗೂ ಜಾಗ, ಒಂಟಿಯಾಗಿ ಗೆದ್ದರೆ ಒಬ್ಬರಿಗೆ.

ನನಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಹಬೆಯ ಕೋಣೆಯಲ್ಲಿ ನಿಂತು ಬೇರೆಯವರ ರಕ್ತದ ಕಲೆ ನೋಡುತ್ತಾ ನನ್ನ ಹೆಸರು ಬರೆದ ಜೆರ್ಸಿಯ ಬಣ್ಣ ಯಾವುದಿರಬಹುದು ಎಂದು ಯೋಚಿಸುತ್ತಿದ್ದೆ. ಅದೂ ಈ ವರ್ಷವೇ ಆಗಬೇಕು. ಮುಂದಿನ ವರ್ಷ ನನಗೆ ನಲವತ್ತು ದಾಟುತ್ತದೆ, ಹಿರಿಯರ ವಿಭಾಗಕ್ಕೆ ದೂಡುತ್ತಾರೆ. ಅಲ್ಲಿ ಗೆದ್ದರೆ ಹೂವಿನ ಗುಚ್ಛ ಕೊಡುತ್ತಾರೆ, ತಂಡಕ್ಕೆ ಕರೆಯುವುದಿಲ್ಲ. "ಈ ಸಲ ಗೆಲ್ದೇ ಹೋದ್ರೆ ನಾನು ಸೈಕಲ್ಲನ್ನ ಬಟ್ಟೆ ಒಣಗಿಸೋಕೆ ಇಟ್ಕೋತೀನಿ," ಎಂದು ಹೇಳಿದ್ದೆ. ಗಿರಗಿಟ್ಲೆ ನನ್ನ ಬಾಯಿ ಮುಚ್ಚಿದ್ದಳು. "ಇಬ್ರೂ ಒಟ್ಟಿಗೇ ಲಾಂಡ್ರಿ ಬಿಡೋದು ಅಕ್ಕ, ಬರೆದಿಟ್ಕೋ."

ಇನ್ನು ನಮ್ಮ ಭಾಷೆಯೊಂದಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇಳಿಜಾರಿನಲ್ಲಿ ಮುಂದೆ ಹೋಗುವವಳು ಅವಳು. ಕೆಟ್ಟ ಜಾಗ ದಾಟಿ ದಾರಿ ಸಲೀಸಾದ ಕೂಡಲೇ "ಬಿಡು!" ಎಂದು ಕೂಗುತ್ತಾಳೆ. ಬ್ರೇಕ್ ಬಿಡು ಎಂದರ್ಥ. ತಿರುವಿನ ಆಚೆ ಏನಿದೆ ಎಂದು ನನಗೆ ಕಾಣುವುದಿಲ್ಲ. ಆದರೂ ಬ್ರೇಕಿನ ಮೇಲಿನ ಬೆರಳು ತೆಗೆದು "ಬಿಟ್ಟೆ!" ಎಂದು ಕೂಗಿ ಧುಮುಕುತ್ತೇನೆ. ಬಿಟ್ಟೆ ಅಂದರೆ ಬಂದೆ, ನಿನ್ನ ಬೆನ್ನ ಹಿಂದೆಯೇ ಇದ್ದೇನೆ ಎಂದು. ಅಭ್ಯಾಸ ಬಲವಾಗಿ ಬಲವಾಗಿ ಮನೆಯೊಳಗೂ ಅದೇ ಆಯಿತು. ಅವಳು ಬಚ್ಚಲಿನಿಂದ ಹೊರಬಂದು "ಬಿಡು!" ಎಂದರೆ ನಾನು ಟವೆಲ್ ಹೆಗಲಿಗೆ ಹಾಕಿಕೊಂಡು "ಬಿಟ್ಟೆ!" ಎಂದು ಓಡುತ್ತಿದ್ದೆ. ನಮ್ಮವರಿಗೆ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. "ನಿಮ್ಮಿಬ್ಬರ ಬಿಡೋದು ಕಟ್ಟೋದು ಯಾವಾಗ ಮುಗಿಯುತ್ತೋ," ಎಂದು ಗೊಣಗುತ್ತಿದ್ದರು.

ರೇಸಿನ ದಿನ ಬೆಳಿಗ್ಗೆ ಮಂಜಿತ್ತು, ನೆಲ ಒದ್ದೆ. ನಮ್ಮವರು ಹೊರಡುವ ಗೆರೆಯ ಹತ್ತಿರ ನಿಂತು ಇಬ್ಬರ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಮೂರನೇ ಚೆಕ್‌ಪೋಸ್ಟಲ್ಲಿ ಇರ್ತೀನಿ, ಬಿಡಿ ಚಕ್ರ, ಟ್ಯೂಬು ಎಲ್ಲಾ ಗಾಡೀಲಿದೆ," ಎಂದರು. ಪ್ರತಿ ಜೋಡಿಗೂ ಒಬ್ಬ ಸಹಾಯಕನಿರಬಹುದು, ನಮಗೆ ಅವರೇ ಸಹಾಯಕ. ಏರಿನಲ್ಲಿ ಎಂದಿನಂತೆ ಅವಳು ಮುಂದೆ, ನಾನು ಉಸಿರು ಬಿಡುತ್ತಾ ಹಿಂದೆ. ಮೊದಲ ಚೆಕ್‌ಪೋಸ್ಟಿನಲ್ಲಿ ಕಾದಳು. ಎರಡನೆಯದರಲ್ಲಿಯೂ ಕಾದಳು, ಆದರೆ ನಾನು ತಲುಪಿದಾಗ ಕುಣಿಯುತ್ತಿದ್ದಳು. "ಅಕ್ಕಾ, ಜೋಡಿಗಳಲ್ಲಿ ನಾವೇ ಫಸ್ಟು! ಹಿಂದೆ ಯಾರೂ ಕಾಣಿಸ್ತಾನೇ ಇಲ್ಲ!" ನನಗೆ ಆ ಕ್ಷಣ ಕಾಲುನೋವು, ಎದೆನೋವು ಎಲ್ಲ ಮಾಯ. ಹುಚ್ಚು ಹಿಡಿದವರಂತೆ ಇಬ್ಬರೂ ಕಿರುಚಿಕೊಂಡು ಗುಡ್ಡದ ನೆತ್ತಿಗೆ ಹತ್ತಿದೆವು.

ನೆತ್ತಿಯಿಂದ ಇಳಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಅವಳು ಬಿದ್ದಳು. ಒದ್ದೆ ಬೇರಿನ ಮೇಲೆ ಮುಂದಿನ ಚಕ್ರ ಜಾರಿ, ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡು, ರಿಮ್ಮು ತುಳಿದ ಡಬ್ಬದ ಮುಚ್ಚಳದ ಹಾಗೆ ಸೊಟ್ಟಗಾಗಿತ್ತು. ಅವಳಿಗೆ ಪೆಟ್ಟೇನೂ ಆಗಿರಲಿಲ್ಲ. ಆದರೆ ನೆಲದ ಮೇಲೆ ಕೂತು ಅಳಲು ಶುರುಮಾಡಿದಳು.

"ಎಲ್ಲಾ ಮುಗೀತಕ್ಕಾ. ನನ್ನಿಂದ ಎಲ್ಲಾ ಹಾಳಾಯ್ತು."

"ಮುಗೀತು ಅಂತ ನಾನು ಹೇಳ್ಬೇಕು, ನೀನಲ್ಲ. ಎದ್ದೇಳು ಮೇಲೆ!" ಎಂದೆ. ನನ್ನ ಸೈಕಲ್ಲನ್ನು ತಲೆಕೆಳಗು ಮಾಡಿ ಮುಂದಿನ ಚಕ್ರ ಕಳಚಿ ಅವಳಿಗೆ ಕೊಟ್ಟೆ. "ಇದನ್ನ ಹಾಕ್ಕೊಂಡು ನೀನು ಇಳಿ. ನೀನು ನನಗಿಂತ ಬೇಗ ಇಳೀತೀಯ. ಕೆಳಗೆ ಇವರಿಗೆ ಹೇಳು, ಬಿಡಿ ಚಕ್ರ ಹೊತ್ಕೊಂಡು ಕಾಲುದಾರೀಲಿ ಮೇಲೆ ಬರ್ಲಿ. ನಾನು ಹಾಕ್ಕೊಂಡು ಹಾರ್ಕೊಂಡು ಬರ್ತೀನಿ. ನೀನು ಅಲ್ಲೇ ಕಾಯ್ತಿರು. ಇಬ್ಬರೂ ಸೇರಿ ಚೆಕ್‌ಪೋಸ್ಟ್ ದಾಟೋಣ."

ಸಹಾಯಕ ನಡೆದು ಬಂದು ಚಕ್ರ ಕೊಡಬಹುದೆಂಬುದು ನನಗೂ ಗೊತ್ತಿದ್ದ ನಿಯಮ. ಬೆಟ್ಟದ ಮೇಲೆ ಫೋನ್ ಹಿಡಿಯುವುದಿಲ್ಲ, ಸ್ವಯಂಸೇವಕರ ವಾಕಿಟಾಕಿಯನ್ನು ನಮ್ಮ ಕೆಲಸಕ್ಕೆ ಬಳಸುವಂತಿಲ್ಲ, ಬೇರೆ ದಾರಿಯೇ ಇರಲಿಲ್ಲ.

"ನೀನೊಬ್ಬಳೇ ಇಲ್ಲಿ?" ಎಂದಳು ಮೂಗೊರೆಸಿಕೊಳ್ಳುತ್ತಾ.

"ನನ್ನನ್ನ ಯಾರು ಹೊತ್ಕೊಂಡು ಹೋಗ್ತಾರೆ? ಹೊತ್ರೂ ಅವರೇ ವಾಪಸ್ ತಂದು ಬಿಡ್ತಾರೆ. ಹೋಗೇ, ಹೋಗು!"

ಅವಳು ಅಳುತ್ತಲೇ ನಕ್ಕಳು. ನನ್ನ ಕೈ ಗಟ್ಟಿಯಾಗಿ ಹಿಡಿದು, "ಈಗ ಹೋದೆ, ಈಗ ಕಳಿಸ್ದೆ ಅಂದ್ಕೋ," ಎಂದು ಹೇಳಿ ಇಳಿದಳು. ಕೆಳಗಿನ ತಿರುವಿನಲ್ಲಿ ಮರೆಯಾಗುವಾಗ ಬಾಯಿ ಸುಮ್ಮನಿರಬೇಕಲ್ಲ, ಅಭ್ಯಾಸಬಲದಿಂದ "ಬಿಡು!" ಎಂದು ಕೂಗಿದಳು. ಇಲ್ಲಿ ನನ್ನ ಸೈಕಲ್ಲಿಗೆ ಮುಂದಿನ ಚಕ್ರವೇ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಇಡೀ ಬೆಟ್ಟಕ್ಕೆ ಕೇಳುವಂತೆ "ಬಿಟ್ಟೇ!" ಎಂದು ಕೂಗಿದೆ. ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದ ಸ್ವಯಂಸೇವಕ ನನ್ನ ಕಡೆ ತಿರುಗಿ ನೋಡಿ, ಹೆಗಲಿಗೆ ಸಿಕ್ಕಿಸಿದ್ದ ವಾಕಿಟಾಕಿಯಲ್ಲಿ ಏನೋ ಹೇಳಿದ. ನಾನು ಅವನಿಗೂ ಕೈ ಬೀಸಿದೆ.

ಆಮೇಲೆ ಕಾದೆ. ಮೊದಲು ಬಂದದ್ದು ಅಕ್ಕತಂಗಿಯರ ಜೋಡಿ, ಕಳೆದ ವರ್ಷ ನಮ್ಮನ್ನು ಸೋಲಿಸಿದವರು. "ಏನಾಯ್ತು?" ಎಂದು ಅಕ್ಕ ಕೇಳಿದಳು. "ಚಕ್ರ ಬರ್ತಾ ಇದೆ," ಎಂದೆ ಕೊಬ್ಬಿನಿಂದಲೇ. ಅವರು ಹೋದರು. ಪರವಾಗಿಲ್ಲ, ಕೊನೆಯ ಏರಿನಲ್ಲಿ ಹಿಡಿಯುತ್ತೇವೆ ಎಂದುಕೊಂಡೆ. ಇನ್ನೊಂದು ಜೋಡಿ ಬಂತು. "ಚಕ್ರ ಬರ್ತಾ ಇದೆ." ಇನ್ನೊಂದು. ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ, ದನಿ ಸಣ್ಣಗಾಗಿತ್ತು. ಮಂಜು ಕರಗಿ ಬಿಸಿಲು ಚುರುಗುಟ್ಟತೊಡಗಿತು. ಕಾಲುದಾರಿಯಲ್ಲಿ ತಲೆಯೊಂದು ಕಂಡೀತೆಂದು ನೋಡಿ ನೋಡಿ ಕಣ್ಣು ನೋಯತೊಡಗಿತು.

ಆಗ ನನಗೆ ಹೆದರಿಕೆಯಾಯಿತು. ರೇಸು ಹೋಗುತ್ತದೆಂಬ ಹೆದರಿಕೆಯಲ್ಲ. ಗಿರಗಿಟ್ಲೆ ಎಲ್ಲೋ ಬಿದ್ದಿದ್ದಾಳೆ, ಇಲ್ಲದಿದ್ದರೆ ಇಷ್ಟು ಹೊತ್ತಾಗುವುದಿಲ್ಲ. ಅಳುತ್ತಾ ಇಳಿದವಳು, ಕಣ್ಣು ಮಂಜಾಗಿರಬೇಕು, ಆ ಕೆಳಗಿನ ಕೊರಕಲಿನಲ್ಲಿ ಉರುಳಿದ್ದರೆ? ಮುಂದಿನ ಚಕ್ರವಿಲ್ಲದ ಸೈಕಲ್ಲನ್ನು ಹೆಗಲಿಗೇರಿಸಿ ಇಳಿಯಲು ಶುರುಮಾಡಿದೆ. ಪ್ರತಿ ಕೊರಕಲಿಗೂ ಬಗ್ಗಿ ನೋಡಿದೆ. "ಏನೇ! ಎಲ್ಲಿದೀಯೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಂದು ಕಡೆ ಜಲ್ಲಿಯ ಮೇಲೆ ನಾನೇ ಜಾರಿ, ಮಂಡಿಯ ಚರ್ಮ ಸುಲಿದು ರಕ್ತ ಬಂತು. ಆಗಲೂ ನನ್ನ ಬಾಯಲ್ಲಿ ಬಂದದ್ದು, ದೇವರೇ ಅವಳಿಗೇನೂ ಆಗದಿರಲಪ್ಪ ಎಂದೇ. ಅದನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ಚೆಕ್‌ಪೋಸ್ಟಿನಲ್ಲಿ ಒಂದು ನೀಲಿ ಟೆಂಟು, ಒಂದು ಮೇಜು, ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡ ಒಬ್ಬ ಹೆಂಗಸು. ನನ್ನನ್ನು ಕಂಡು ಎದ್ದು ಬಂದು ನೀರಿನ ಬಾಟಲಿ ಕೊಟ್ಟಳು.

"ಬಂದ್ರಾ, ಕೂತ್ಕೊಳ್ಳಿ. ಬಿಟ್ಟವರನ್ನ ಕರ್ಕೊಂಡು ಹೋಗೋಕೆ ಜೀಪು ಬರ್ತಾ ಇದೆ."

"ಯಾರ್ರೀ ಬಿಟ್ಟವರು? ನನ್ನ ಓರಗಿತ್ತಿ ಎಲ್ಲಿ? ಬಿದ್ಲಾ? ಆಸ್ಪತ್ರೆಗೆ ಕಳಿಸಿದ್ರಾ?"

"ಬೀಳೋದಾ! ಚೆನ್ನಾಗಿದ್ದಾರೆ. ಅವರು ಒಂಟಿ ವಿಭಾಗಕ್ಕೆ ಸೇರ್ಕೊಂಡು ಮುಂದೆ ಹೋಗಿ ಎಷ್ಟೋ ಹೊತ್ತಾಯ್ತು. ಅಲ್ಲೂ ಎಲ್ಲರಿಗಿಂತ ಮುಂದೆ ಇದ್ದಾರಂತೆ, ಈಗ ತಾನೇ ವಾಕಿಟಾಕೀಲಿ ಹೇಳಿದ್ರು."

ನನಗೆ ಅರ್ಥವಾಗಲಿಲ್ಲ. ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಾ ನಿಂತೆ. "ಅದು ಹೇಗೆ ಹೋಗ್ತಾಳೆ? ನಾವು ಜೋಡಿ."

"ಜೋಡೀಲಿ ಒಬ್ಬರು ಬಿಟ್ರೆ ಇನ್ನೊಬ್ಬರು ಒಂಟಿಯಾಗಿ ಮುಂದುವರೀಬಹುದಲ್ಲ. ನೀವು ಬಿಟ್ರಲ್ಲ, ಅದಕ್ಕೇ."

"ನಾನು ಬಿಟ್ಟೆ ಅಂತ ಯಾರು ಹೇಳಿದ್ದು?"

"ನಿಮ್ಮವರೇ ಹೇಳಿದ್ರು. ಮೇಲಿನ ತಿರುವಿನ ಬಾವುಟದವರನ್ನೂ ಕೇಳಿದ್ವಿ. ನೀವು ಗಟ್ಟಿಯಾಗಿ ಬಿಟ್ಟೆ ಅಂತ ಕೂಗಿದ್ದನ್ನ ಅವರೂ ಕೇಳಿಸ್ಕೊಂಡಿದ್ರು. ಕೂಗಿದ್ದು ಹೌದು ತಾನೆ?"

"ಕೂಗಿದೆ. ಆದ್ರೆ ಬಿಟ್ಟೆ ಅಂದ್ರೆ ಬಿಟ್ಟೆ ಅಂತ ಅರ್ಥ ಅಲ್ಲ ಕಣ್ರೀ!"

"ಮತ್ತೇನರ್ಥ?"

"ಬಿಟ್ಟೆ ಅಂದ್ರೆ ಬಂದೆ ಅಂತ!"

ಆಕೆ ನನ್ನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ಬಿಸಿಲು ನೆತ್ತಿಗೇರಿದೆ ಪಾಪ ಎನ್ನುವ ನೋಟ. ಮೆಲ್ಲಗೆ ನನ್ನ ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಇನ್ನೊಂದು ಬಾಟಲಿ ನೀರು ತಂದಳು. ಪ್ರಪಂಚದಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವರು ಮೂರೇ ಜನ. ಒಬ್ಬಳು ನಾನು. ಒಬ್ಬಳು ಅದೇ ಮಾತನ್ನು ಹಿಡಿದುಕೊಂಡು ನನ್ನ ಚಕ್ರದ ಮೇಲೆ ಓಡುತ್ತಿದ್ದಾಳೆ. "ಇಲ್ಲಿ ಒಬ್ರು ಬಿಡಿ ಚಕ್ರ ಇಟ್ಕೊಂಡು ನಿಂತಿದ್ರಲ್ಲ, ಎಲ್ಲಿ?" ಎಂದೆ. ಗಾಡಿ ತೆಗೆದುಕೊಂಡು ಕೊನೆಯ ಗೆರೆಯ ಹತ್ತಿರ ಹೋದರು ಎಂದಳು.

ಜೀಪಿನಲ್ಲಿ ದಾರಿಯುದ್ದಕ್ಕೂ ನಾನು ಗಿರಗಿಟ್ಲೆಗೆ ಹಾಕದ ಶಾಪವಿಲ್ಲ. ನಂಬಿಸಿ ಕತ್ತು ಕೊಯ್ದಳಲ್ಲ! ನನ್ನ ಪಕ್ಕದಲ್ಲಿ ಕೈಮುರಿದುಕೊಂಡು ಕೂತಿದ್ದವನು ತನ್ನ ನೋವು ಮರೆತು ನನ್ನನ್ನೇ ನೋಡುತ್ತಿದ್ದ. ನಮ್ಮವರನ್ನು ನೆನೆದರಂತೂ ಕರುಳು ಚುರುಕ್ ಎನ್ನುತ್ತಿತ್ತು. ಪಾಪ, ಚಕ್ರ ಹಿಡಿದು ಕಾಯುತ್ತಿದ್ದ ಮನುಷ್ಯ, ಹೆಂಡತಿ ಸೋತು ಕೂತಿದ್ದಾಳೆ ಎಂದು ಸುಳ್ಳು ಹೇಳಿ ಅವರ ಕಣ್ಣಿಗೂ ಮಣ್ಣೆರಚಿದ್ದಾಳೆ. ಅವರು ಹೇಗೆ ನಂಬಿದರೋ ಎಂದು ಒಂದು ಸಲ ಅನ್ನಿಸಿತು. ಆಮೇಲೆ, ಅವಳು ಅತ್ತಿರಬೇಕು, ಅವಳು ಅತ್ತರೆ ಯಾರಾದರೂ ನಂಬುತ್ತಾರೆ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ನಾವು ಇಳಿಯುವ ಹೊತ್ತಿಗೆ ಮೈಕಿನಲ್ಲಿ ಅವಳ ಹೆಸರು ಕೇಳಿಸುತ್ತಿತ್ತು. ಒಂಟಿ ಮಹಿಳೆಯರಲ್ಲಿ ಮೊದಲನೆಯವಳು. ಕತ್ತಿನಲ್ಲಿ ಪದಕ, ಮುಖದ ತುಂಬ ಕೆಸರು. ನನ್ನನ್ನು ಕಂಡದ್ದೇ ಜನರನ್ನು ದೂಡಿಕೊಂಡು ಓಡಿ ಬಂದು ತಬ್ಬಿಕೊಂಡಳು.

"ಅಕ್ಕಾ! ಇದು ನಿಂದೇ ಗೆಲುವು ಅಕ್ಕಾ! ನಿನ್ನ ಚಕ್ರದಲ್ಲೇ ಗೆದ್ದಿದ್ದು!"

ನಾನು ಅವಳ ಕೈ ಬಿಡಿಸಿದೆ. "ನಾನು ಅಲ್ಲಿ ಕಾಯ್ತಾ ಕೂತಿದ್ದೆ ಕಣೇ."

"ನೀನೇ ಬಿಟ್ಟೆ ಅಂದ್ಯಲ್ಲಕ್ಕಾ..."

"ನನ್ನ ಕಿವಿ ಮೇಲೆ ಹೂ ಇಡಬೇಡ. ಇನ್ನೊಂದು ಸಲ ಹೇಳು ಆ ಮಾತನ್ನ, ನನ್ನ ಕಣ್ಣು ನೋಡ್ಕೊಂಡು ಹೇಳು."

ಅವಳು ಪದಕವನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದಳು.

"ನಿನ್ನನ್ನ ಹುಡುಕ್ಕೊಂಡು ಪ್ರತಿ ಕೊರಕಲಿಗೂ ಬಗ್ಗಿ ನೋಡಿದೀನಿ. ಸತ್ತುಹೋದ್ಯೇನೋ ಅಂದ್ಕೊಂಡೆ. ಬಾಯಿಬಿಟ್ಟು ಹೇಳಿದ್ರೆ ನಾನೇ ಕಳಿಸ್ತಿರಲಿಲ್ವೇನೇ? ಅಕ್ಕ, ನಾನು ಒಂಟಿಯಾಗಿ ಹೋಗ್ತೀನಿ ಅಂದಿದ್ರೆ, ನಾಲ್ಕು ಬೈದು ನಾನೇ ಬೆನ್ನು ತಟ್ಟಿ ಕಳಿಸ್ತಿದ್ದೆ!"

ಅದು ಅವಳನ್ನು ತಾಗಿತು. ಬಿಕ್ಕುತ್ತಾ ಬಾಯಿಬಿಟ್ಟಳು. "ನಾನು ಚಕ್ರಾನೇ ಕೇಳಿದ್ದಕ್ಕ. ದೇವರಾಣೆ, ಹೋದ ಕೂಡ್ಲೇ ಚಕ್ರ ಕೊಡಿ ಭಾವ, ಅಕ್ಕ ಕಾಯ್ತಿದಾಳೆ ಅಂದೆ. ಭಾವ ವಾಚು ನೋಡಿದ್ರು. ನಾನು ಚಕ್ರ ಹೊತ್ಕೊಂಡು ಹತ್ತಿ, ನಿಮ್ಮಕ್ಕ ಇಳಿಯೋ ಹೊತ್ತಿಗೆ ಜೋಡಿ ರೇಸು ಕೈತಪ್ಪಿರುತ್ತೆ, ಒಂಟಿಯವರಿಗಿಂತ ನೀನು ಮುಂದೆ ಇದೀಯ, ಹೋಗು ಅಂದ್ರು. ಅಕ್ಕ ಏನಂತಾಳೋ ಅಂದೆ. ಬರುವಾಗ ಏನಂದ್ಲು ಅಂತ ಕೇಳಿದ್ರು. ಏನಿಲ್ಲ ಭಾವ, ಚಕ್ರ ಇಲ್ದೇ ಇದ್ರೂ ನಗ್ತಾ ಬಿಟ್ಟೆ ಅಂತ ಕೂಗಿದ್ಲು ಅಂದೆ. ಅಷ್ಟು ಸಾಕು ಅಂದ್ರು."

"ಯಾರು ಅಂದ್ರು?"

"ಭಾವ. ಜೊತೆಗಾರರು ಹೇಳಿದ್ರೆ ನಡೆಯಲ್ಲವಂತೆ, ಸಹಾಯಕರೇ ಹೇಳ್ಬೇಕಂತೆ. ಅವರೇ ಆ ಸೀಟಿಯವರ ಹತ್ರ ಹೋಗಿ, ನಮ್ಮವಳು ಬಿಟ್ಟಿದ್ದಾಳೆ ಅಂತ ಹೇಳಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ, ಅಲ್ಲ ಅನ್ಲಿಲ್ಲ. ನನಗೂ ಬೇಕಾಗಿತ್ತಕ್ಕಾ. ಅಲ್ಲ ಅನ್ಲಿಲ್ಲ."

ನಿಮ್ಮವರೇ ಹೇಳಿದ್ರು ಎಂದು ಆ ಹೆಂಗಸು ಎಷ್ಟು ಸ್ಪಷ್ಟವಾಗಿ ಹೇಳಿದ್ದಳು. ನಾನು ಅದನ್ನು ನಮ್ಮ ಕಡೆಯವಳು, ಓರಗಿತ್ತಿ, ಎಂದು ತಿಳಿದುಕೊಂಡಿದ್ದೆ. ನಮ್ಮವರು ಎಂದು ಹೊಳೆಯಲೇ ಇಲ್ಲ.

ಅವರು ಗಾಡಿ ನಿಲ್ಲಿಸಿದ್ದ ಕಡೆ ಇದ್ದರು. ಗೆದ್ದ ಸೈಕಲ್ಲನ್ನು ಗಾಡಿಗೆ ಒರಗಿಸಿ, ಹಳೆಯ ಬನಿಯನ್ ಚೂರಿನಿಂದ ಚೈನಿನ ಕೆಸರು ಒರೆಸುತ್ತಿದ್ದರು. ನನ್ನನ್ನು ನೋಡಿ ಮೊದಲು ಕಾಲಿನ ಕಡೆ ನೋಡಿದರು.

"ಏನೇ ಇದು, ಇಷ್ಟು ಸುಲಿದಿದೆ? ಕೂತ್ಕೋ, ಔಷಧಿ ಹಚ್ತೀನಿ."

"ಕಾಲು ಹಾಗಿರ್ಲಿ. ರೀ, ನಾನು ಬಿಟ್ಟೆ ಅಂತ ನೀವು ಹೇಳಿದ್ರಾ?"

ಅವರು ಬಟ್ಟೆ ಮಡಚಿ ಜೇಬಿಗಿಟ್ಟರು. "ಹೇಳ್ದೆ. ಜೋಡೀಲಿ ಇನ್ನು ಏನೂ ಉಳಿದಿರ್ಲಿಲ್ಲ. ಒಬ್ಬರಿಗಾದ್ರೂ ಸಿಗ್ಲಿ ಅಂತ. ಬಂದಿದ್ದು ನಮ್ಮ ಮನೆಗೇ ತಾನೆ?"

"ನಾನು ಹಾಗಂದ್ರೆ ಏನರ್ಥ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಇಲ್ಲ ಎಂದಿದ್ದರೆ ನಾನು ನಂಬಿಬಿಡುತ್ತಿದ್ದೆ. ನಂಬಲು ತಯಾರಾಗಿಯೇ ಬಂದಿದ್ದೆ. ಸುಳ್ಳು ಹೇಳಲೂ ನನಗಾಗಿ ಅವರು ಅಷ್ಟು ಕಷ್ಟಪಡಲಿಲ್ಲ.

"ಅಂದ್ರೆ ನಾನಲ್ಲಿ ಕಾಯ್ತಿದೀನಿ ಅಂತ ಗೊತ್ತಿತ್ತು. ಚಕ್ರ ನಿಮ್ಮ ಕೈಯಲ್ಲೇ ಇತ್ತು."

"ನೋಡು, ಕೋಪ ಮಾಡ್ಕೋಬೇಡ. ಮೂರು ಸಲ ಎರಡನೇ ಸ್ಥಾನ ಯಾರಿಂದ ಬಂತು ಅಂತ ನಿನಗೂ ಗೊತ್ತು. ಪ್ರತಿ ಚೆಕ್‌ಪೋಸ್ಟಲ್ಲೂ ಆ ಹುಡುಗಿ ನಿನಗೋಸ್ಕರ ನಿಂತ್ಕೊಂಡು ಕಾಯ್ತಾಳೆ. ಅಲ್ಲಿ ನಿಂತು ನೋಡೋನು ನಾನು. ಅವಳ ಕಾಲು ಎಂಥಾ ಕಾಲು ಅಂತ ನಾನು ನೋಡಿದೀನಿ."

"ಯಾವಾಗಿಂದ ನಿಮಗೆ ಹೀಗನ್ನಿಸ್ತಿತ್ತು?"

ಅವರು ಪ್ರಾಮಾಣಿಕವಾಗಿ ಯೋಚಿಸಿದರು. ಅದು ಇನ್ನೂ ಉರಿಸಿತು. "ಮೊದಲನೇ ವರ್ಷದಿಂದ," ಎಂದರು.

ಮೊದಲನೇ ವರ್ಷದಿಂದ! ಅರ್ಧ ಎಳೆದ ಶಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಮಂಡಿ ಹಿಡಿದು, ಈ ಸಲ ಗೆಲ್ತೀಯ ಎನ್ನುವಾಗಲೆಲ್ಲ ಅವರಿಗೆ ನಾನು ಗೆಲ್ಲುವುದಿಲ್ಲ ಎಂದು ಗೊತ್ತಿತ್ತು. ಗೆಲ್ಲಲು ಬಿಡದವಳೇ ನಾನು ಎಂದು ಗೊತ್ತಿತ್ತು. ಗೊತ್ತಿದ್ದರೆ ಹೇಳಬಾರದೇ? ನೀನು ಭಾರವಾಗಿದ್ದೀಯ ಕಣೇ, ಅವಳನ್ನು ಬಿಟ್ಟುಬಿಡು ಎಂದು ಒಂದೇ ಒಂದು ಸಂಜೆ, ಪಾನಾ ಕೆಳಗಿಟ್ಟು, ನನ್ನ ಮುಖ ನೋಡಿ ಹೇಳಬಾರದೇ? ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ, ಆದರೆ ನನ್ನ ಕೈಯಾರೆ ನಾನೇ ದಾರಿ ಬಿಡುತ್ತಿದ್ದೆ. ಅದೊಂದು ಅವಕಾಶವನ್ನೂ ಕೊಡಲಿಲ್ಲ. ಓರಗಿತ್ತಿ ಆಸೆಗೆ ಬಿದ್ದು ಕೈಕೊಟ್ಟಳು, ಅದು ನನಗೆ ಅರ್ಥವಾಗುತ್ತದೆ. ಇವರಿಗೆ ಯಾವ ಆಸೆಯೂ ಇರಲಿಲ್ಲ. ಲೆಕ್ಕ ಮಾತ್ರ ಇತ್ತು, ಅದರಲ್ಲಿ ನಾನು ಕಳೆಯಬೇಕಾದ ಸಂಖ್ಯೆ.

ಅಷ್ಟರಲ್ಲಿ ಮೈಕಿನವರು, ಫಲಿತಾಂಶದ ಮೇಲೆ ತಕರಾರಿದ್ದವರು ತೀರ್ಪುಗಾರರ ಮೇಜಿಗೆ ಬರಬಹುದು ಎಂದು ಕೂಗಿದರು. ನಾನು ಆ ಕಡೆ ತಿರುಗಿದ್ದನ್ನು ಅವರು ನೋಡಿದರು.

"ಬೇಡ. ಮನೆ ವಿಷಯ ಮನೇಲಿ ಮಾತಾಡೋಣ. ನಾಲ್ಕು ಜನರ ಮುಂದೆ ನಾನು ಸುಳ್ಳ ಅಂತಾಗುತ್ತೆ. ಅವಳ ಜಾಗಾನೂ ಹೋಗುತ್ತೆ, ನಿನಗೂ ಸಿಗಲ್ಲ. ಏನು ಬಂತು ಅದ್ರಿಂದ?"

ಅವರು ಹೇಳಿದ್ದು ಸರಿ. ಅವರು ಯಾವಾಗಲೂ ಸರಿಯಾಗಿಯೇ ಹೇಳುತ್ತಾರೆ. ನನಗೆ ಸಿಗುವುದು ಏನೂ ಇರಲಿಲ್ಲ, ಮುಂದಿನ ವರ್ಷವೂ ಇರಲಿಲ್ಲ. ಗಿರಗಿಟ್ಲೆ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಪದಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು, ಕತ್ತಿಗೆ ಹಾಕಿಕೊಳ್ಳಲೂ ಆಗದೆ, ಬಿಸಾಡಲೂ ಆಗದೆ. ನಾನು ಅವಳ ಮುಂದೆಯೇ ನಡೆದು ಹೋದೆ. ಅವಳು ತಡೆಯಲಿಲ್ಲ. ಹಿಂದೆ ನಮ್ಮವರ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. "ನಿಲ್ಲೇ, ಮಾತು ಕೇಳೇ," ಎಂದು ಮೆಲ್ಲಗೆ, ಯಾರಿಗೂ ಕೇಳದಂತೆ ಹೇಳುತ್ತಾ ಬಂದರು.

ಮೇಜಿನ ಹಿಂದೆ ಒಬ್ಬ ವಯಸ್ಸಾದ ತೀರ್ಪುಗಾರ ಕನ್ನಡಕ ಒರೆಸಿಕೊಳ್ಳುತ್ತಾ ಕೂತಿದ್ದ. ನನ್ನ ಮಂಡಿಯ ರಕ್ತ ನೋಡಿ ಕುರ್ಚಿ ತೋರಿಸಿದ. ನಾನು ಕೂರಲಿಲ್ಲ.

"ತಕರಾರು ಇದೆ," ಎಂದೆ.

"ಯಾರ ಮೇಲಮ್ಮಾ? ಗೆದ್ದವರ ಮೇಲಾ?"

"ಅಲ್ಲ. ನಮ್ಮ ಸಹಾಯಕರ ಮೇಲೆ. ನಾನು ರೇಸು ಬಿಟ್ಟಿರಲಿಲ್ಲ. ಅದು ಗೊತ್ತಿದ್ದೂ ಬಿಟ್ಟಿದ್ದಾಳೆ ಅಂತ ಹೇಳಿದ್ದಾರೆ."

ಅವನು ತಲೆಯೆತ್ತಿ ನನ್ನನ್ನು ನೋಡಿದ, ನನ್ನ ಹಿಂದೆ ಬಂದು ನಿಂತವರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

"ಅವರು ನಿಮಗೆ ಏನಾಗ್ಬೇಕು?"

ನನ್ನ ಬೆನ್ನ ಹಿಂದೆ ಗ್ರೀಸ್ ವಾಸನೆ ಬರುತ್ತಿತ್ತು.

"ಏನೂ ಆಗ್ಬೇಕಾಗಿಲ್ಲ," ಎಂದೆ. "ಸೈಕಲ್ ರಿಪೇರಿಯವರು."